ಕಣ ಚಿಕ್ಕದಾದಷ್ಟೂ ಬೆಳಕು ಕೈಕೊಡುತ್ತದೆ

2024ರ ಜನವರಿಯಲ್ಲಿ ಒಂದು ಸಂಖ್ಯೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಒಂದು ಲೀಟರ್ ಬಾಟಲಿ ನೀರಿನಲ್ಲಿ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳಿವೆ ಎಂಬ ಲೆಕ್ಕ ಅದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಮೂರು ಬ್ರ್ಯಾಂಡ್‌ಗಳ ನೀರನ್ನು ಲೇಸರ್‌ ಬೆಳಕಿನಲ್ಲಿ ಪರೀಕ್ಷಿಸಿ ಅದನ್ನು ಕೊಟ್ಟಿತ್ತು. ಆರು ವರ್ಷ ಹಿಂದೆ, 2018ರಲ್ಲಿ, ಇನ್ನೊಂದು ತಂಡ ಒಂಬತ್ತು ದೇಶಗಳ 259 ಬಾಟಲಿಗಳನ್ನು ತಂದು ಇಂಥದ್ದೇ ಲೆಕ್ಕ ಮಾಡಿತ್ತು. ಆಗ ಸಿಕ್ಕಿದ್ದು ಲೀಟರ್‌ಗೆ ಸುಮಾರು 325 ಕಣ.

ಹಾಗಾದರೆ ಆರು ವರ್ಷದಲ್ಲಿ ನೀರು 700 ಪಟ್ಟು ಕೆಟ್ಟುಹೋಯಿತೇ? ಇಲ್ಲ. 2018ರವರ ಎಣಿಕೆ 6.5 ಮೈಕ್ರಾನ್‌ಗೆ ನಿಂತಿತ್ತು (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್). ಅದಕ್ಕಿಂತ ಚಿಕ್ಕದು ಅವರ ಲೆಕ್ಕದಲ್ಲೇ ಇರಲಿಲ್ಲ. 2024ರವರು ಅದರ ಅರವತ್ತರಲ್ಲಿ ಒಂದು ಭಾಗದಷ್ಟು ಸಣ್ಣ ಕಣದವರೆಗೆ ಇಳಿದರು. ಜರಡಿಯ ಕಣ್ಣು ಸಣ್ಣದಾಯಿತು, ಸಿಕ್ಕಿದ್ದು ಜಾಸ್ತಿಯಾಯಿತು. ಅಷ್ಟೇ.

ಸುದ್ದಿ ಓದಿದವರಿಗೆ ನೆನಪಿರುವುದು ಸಂಖ್ಯೆ ಮಾತ್ರ. ಅದರ ಪಕ್ಕದಲ್ಲಿ ಇರಬೇಕಾದ ಇನ್ನೊಂದು ಸಂಖ್ಯೆಯನ್ನು, ಅಂದರೆ ಎಷ್ಟು ದೊಡ್ಡ ಕಣದಿಂದ ಎಣಿಸಿದರು ಎಂಬುದನ್ನು, ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ದ್ರವದಲ್ಲಿ ತೇಲುವ ಕಣದ ಮೇಲೆ ಲೇಸರ್ ಬಿದ್ದಾಗ ಬೆಳಕು ಚದುರುತ್ತದೋ, ಕಣವನ್ನು ತಳ್ಳುತ್ತದೋ, ಹಿಡಿದು ನಿಲ್ಲಿಸುತ್ತದೋ, ಕಾಯಿಸುತ್ತದೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಕಣದ ಗಾತ್ರ.

ಎಲ್ಲರೂ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆದರೆ

ಮೊದಲು ಅಳತೆಗಳು. ತಲೆಗೂದಲಿನ ದಪ್ಪ 70-80 ಮೈಕ್ರಾನ್ ಆಸುಪಾಸು. ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್. ಒಂದು ಮೈಕ್ರಾನ್ ಅಂದರೆ 1000 ನ್ಯಾನೊಮೀಟರ್. ಅನೇಕ ವೈರಸ್‌ಗಳು 100 ನ್ಯಾನೊಮೀಟರ್ ಸುತ್ತಮುತ್ತ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಅಂದರೆ ನಾವು ನೋಡಹೊರಟ ಕಣ, ನೋಡುವ ಬೆಳಕಿನ ಅಲೆಗಿಂತಲೇ ಚಿಕ್ಕದು. ಕಷ್ಟ ಶುರುವಾಗುವುದೇ ಇಲ್ಲಿಂದ.

ಶುದ್ಧ ನೀರಿನ ಲೋಟದಲ್ಲಿ ಲೇಸರ್ ಪಾಯಿಂಟರ್ ಹಾಯಿಸಿದರೆ ಪಕ್ಕದಿಂದ ನೋಡುವವರಿಗೆ ಹೆಚ್ಚೇನೂ ಕಾಣದು. ಸ್ವಲ್ಪ ಸೋಪು ಕದಡಿ ನೋಡಿ. ನೀರಿನ ಒಳಗೆ ಒಂದು ಹೊಳೆಯುವ ಗೆರೆ ಎದ್ದು ಬರುತ್ತದೆ. (ಕಿರಣವನ್ನು ಮಾತ್ರ ಕಣ್ಣಿಗೆ ಬಿಡಬೇಡಿ.) ಶಾಲೆಯಲ್ಲಿ ಓದಿದ ಟಿಂಡಲ್ ಪರಿಣಾಮ ಇದೇ. ನಾವು ನೋಡುತ್ತಿರುವುದು ಕಣಗಳನ್ನಲ್ಲ, ಅವು ಪಕ್ಕಕ್ಕೆ ಎರಚಿದ ಬೆಳಕನ್ನು.

ಎಷ್ಟು ಎರಚುತ್ತವೆ? ಇದಕ್ಕೆ 1871ರಲ್ಲಿ ಉತ್ತರ ಕೊಟ್ಟವರು ಇಂಗ್ಲೆಂಡಿನ ಜಾನ್ ಸ್ಟ್ರಟ್. ಮುಂದೆ ಲಾರ್ಡ್ ರೇಲಿ ಎಂದು ಹೆಸರಾದವರು. ಅಲೆಯುದ್ದಕ್ಕಿಂತ ತುಂಬ ಚಿಕ್ಕದಾದ ಕಣ ಚದುರಿಸುವ ಬೆಳಕು ಅದರ ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. ವ್ಯಾಸ ಎರಡರಷ್ಟಾದರೆ ಬೆಳಕು 64 ಪಟ್ಟು. ಹತ್ತರಷ್ಟಾದರೆ 10 ಲಕ್ಷ ಪಟ್ಟು. ಓದುವಾಗ ಸುಮ್ನೆ ಒಂದು ಸೂತ್ರ ಅನಿಸುತ್ತದೆ. ಆದರೆ ಈ ಕ್ಷೇತ್ರದ ಅರ್ಧ ಸಂತೋಷ, ಅರ್ಧ ತಲೆನೋವು ಎರಡೂ ಈ ಆರರೊಳಗೇ ಇವೆ.

ಆರು ಎಲ್ಲಿಂದ ಬಂತು? ಬೆಳಕಿನ ಅಲೆ ಬಂದಾಗ ಕಣದೊಳಗಿನ ಎಲೆಕ್ಟ್ರಾನ್‌ಗಳು ತೂಗಾಡುತ್ತವೆ. ಕಣ ಅಲೆಗಿಂತ ಚಿಕ್ಕದಾದ್ದರಿಂದ ಎಲ್ಲ ಎಲೆಕ್ಟ್ರಾನ್‌ಗಳಿಗೂ ಒಂದೇ ಕ್ಷಣದಲ್ಲಿ ಒಂದೇ ತಳ್ಳು ಸಿಗುತ್ತದೆ. ಸಾವಿರ ಜನ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆದಂತೆ. ಆಗ ಹೊಮ್ಮುವ ಅಲೆಯ ಎತ್ತರ ಎಲೆಕ್ಟ್ರಾನ್‌ಗಳ ಎಣಿಕೆಗೆ, ಅಂದರೆ ಕಣದ ಘನಗಾತ್ರಕ್ಕೆ, ಅಂದರೆ ವ್ಯಾಸದ ಮೂರನೇ ಘಾತಕ್ಕೆ ತಕ್ಕಂತೆ ಇರುತ್ತದೆ. ನಮ್ಮ ಕಣ್ಣು ಅಥವಾ ಉಪಕರಣ ಅಳೆಯುವ ಪ್ರಖರತೆ ಅಲೆಯ ಎತ್ತರದ ವರ್ಗ. ಮೂರರ ಎರಡರಷ್ಟು ಆರು. ಈ ಚಪ್ಪಾಳೆಯ ಹೋಲಿಕೆಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಕಣ ಬೆಳೆದು ಅಲೆಯುದ್ದದ ಹತ್ತಿರಕ್ಕೆ ಬಂದಾಗ ಈ ತಾಳ ತಪ್ಪುತ್ತದೆ. ಕಣದ ಒಂದು ತುದಿಗೆ ಅಲೆಯ ಏರು, ಇನ್ನೊಂದು ತುದಿಗೆ ಇಳಿತ. ಆಗ ಸರಳ ನಿಯಮ ಸಾಲದು. ಜರ್ಮನಿಯ ಗುಸ್ಟಾವ್ ಮೀ 1908ರಲ್ಲಿ ಗೋಲಾಕಾರದ ಕಣಗಳಿಗೆ ಪೂರ್ತಿ ಲೆಕ್ಕ ಹಾಕಿಕೊಟ್ಟರು. ಅವರು ಕೈಗೆತ್ತಿಕೊಂಡ ಒಗಟು ದ್ರವದಲ್ಲಿ ತೇಲುವ ಚಿನ್ನದ ಕಣಗಳ ಬಣ್ಣ. ದೊಡ್ಡ ಕಣಗಳು ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಎರಚುವುದಿಲ್ಲ. ಹೆಚ್ಚು ಪಾಲನ್ನು ಮುಂದಕ್ಕೇ ತೂರುತ್ತವೆ. ಯಾವ ಕೋನದಲ್ಲಿ ಎಷ್ಟು ಬೆಳಕು ಎಂದು ನೋಡಿ ಗಾತ್ರ ಹೇಳುವ ಉಪಕರಣಗಳು ಸಿಮೆಂಟಿನಿಂದ ಹಿಡಿದು ಬಣ್ಣದವರೆಗೆ ಬಹುತೇಕ ಎಲ್ಲ ಪುಡಿ ಉದ್ಯಮಗಳಲ್ಲೂ ಇವೆ. ರಕ್ತಕಣಗಳನ್ನು ಸಾಲಾಗಿ ಲೇಸರ್ ಮುಂದೆ ಹಾಯಿಸಿ ಎಣಿಸುವ ಫ್ಲೋ ಸೈಟೋಮೀಟರ್ ಕೂಡ ಇದೇ ಜಾತಿಯದು. ಮುಂದಕ್ಕೆ ಚದುರಿದ ಬೆಳಕು ಜೀವಕೋಶದ ಗಾತ್ರದ ಸುಳಿವು ಕೊಟ್ಟರೆ, ಪಕ್ಕಕ್ಕೆ ಚದುರಿದ್ದು ಒಳಗಿನ ಕಣಕಣ ರಚನೆಯ ಸುಳಿವು ಕೊಡುತ್ತದೆ.

ಗಾತ್ರದ ಜೊತೆಗೆ ಇನ್ನೊಂದು ಸಂಗತಿಯೂ ಇದೆ, ಅದು ದ್ರವಕ್ಕೇ ಸಂಬಂಧಿಸಿದ್ದು. ಬೆಳಕು ಚದುರಬೇಕಾದರೆ ಕಣಕ್ಕೂ ಸುತ್ತಲಿನ ದ್ರವಕ್ಕೂ ವಕ್ರೀಭವನ ಸೂಚ್ಯಂಕದಲ್ಲಿ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆಯಲ್ಲಿ, ವ್ಯತ್ಯಾಸ ಇರಬೇಕು. ನೀರಿನದು 1.33. ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನದು ಸುಮಾರು 1.59. ಬ್ಯಾಕ್ಟೀರಿಯಾದ್ದು ನೀರಿಗೆ ತೀರಾ ಹತ್ತಿರ, ಯಾಕೆಂದರೆ ಅದರೊಳಗೆ ಇರುವುದು ಬಹುಪಾಲು ನೀರೇ. ಗಾಜಿನ ಕಡ್ಡಿಯನ್ನು ಗ್ಲಿಸರಿನ್‌ನಲ್ಲಿ ಮುಳುಗಿಸಿದರೆ ಅದು ಹೆಚ್ಚುಕಡಿಮೆ ಮಾಯವಾಗುತ್ತದೆ ಅಲ್ವಾ, ಹಾಗೆ. ಗಾತ್ರ ಒಂದೇ ಆದರೂ ಪ್ಲಾಸ್ಟಿಕ್ ಮಣಿ ಹೊಳೆಯುತ್ತದೆ, ಜೀವಕೋಶದ ಚೂರು ಮಂಕಾಗಿರುತ್ತದೆ. ಉಪಕರಣಕ್ಕೆ ಇದು ಗೊತ್ತಾಗುವುದಿಲ್ಲ. ನಾವೇ ಹೇಳಿಕೊಡಬೇಕು. ತಪ್ಪು ಹೇಳಿದರೆ ಅದು ತಪ್ಪು ಗಾತ್ರವನ್ನೇ ನಂಬಿಕೆಯಿಂದ ಅಚ್ಚು ಹಾಕಿ ಕೊಡುತ್ತದೆ.

ಕುದಿಯುವ ಚುಕ್ಕೆಗಳು

ಇಷ್ಟು ಹೇಳಿದ್ದಕ್ಕೆಲ್ಲ ಲೇಸರೇ ಬೇಕೆಂದಿಲ್ಲ. ಮೈಕೆಲ್ ಫ್ಯಾರಡೆ 1857ರಲ್ಲಿ ಚಿನ್ನದ ಕೆಂಪು ದ್ರವದೊಳಗೆ ಬೆಳಕಿನ ಕಿರಣ ಹಾಯಿಸಿ, ಅದರಲ್ಲಿ ಕಣ್ಣಿಗೆ ಕಾಣದ ಚಿನ್ನದ ಕಣಗಳಿವೆ ಎಂದು ತೋರಿಸಿದಾಗ ಲೇಸರ್ ಹುಟ್ಟಲು ಇನ್ನೂ ನೂರು ವರ್ಷ ಬಾಕಿ ಇತ್ತು. ಅವರ ಆ ದ್ರವಗಳಲ್ಲಿ ಕೆಲವು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇವತ್ತಿಗೂ ಇವೆ, ಕೆಂಪಾಗಿಯೇ.

ಲೇಸರ್ ಬಂದದ್ದು 1960ರಲ್ಲಿ. ಅದು ತಂದದ್ದು ಬರೀ ಹೆಚ್ಚು ಬೆಳಕನ್ನಲ್ಲ, ಹೆಜ್ಜೆ ತಪ್ಪದ ಬೆಳಕನ್ನು. ಲೇಸರ್ ಪಾಯಿಂಟರ್‌ನ ಚುಕ್ಕೆಯನ್ನು ಗೋಡೆಯ ಮೇಲೆ ದಿಟ್ಟಿಸಿದರೆ ಅದರೊಳಗೆ ಮಿಣುಕುವ ಸಣ್ಣ ಸಣ್ಣ ಕಾಳುಗಳು ಕಾಣುತ್ತವೆ. ಗೋಡೆಯ ಬೇರೆ ಬೇರೆ ಜಾಗದಿಂದ ಬಂದ ಅಲೆಗಳು ಕೆಲವು ಕಡೆ ಒಂದಕ್ಕೊಂದು ಕೂಡಿ, ಕೆಲವು ಕಡೆ ಒಂದನ್ನೊಂದು ಅಳಿಸಿ ಆದ ಚಿತ್ತಾರ ಅದು. ಗೋಡೆ ಅಲುಗಾಡುವುದಿಲ್ಲ, ಚಿತ್ತಾರವೂ ಹಾಗೆಯೇ ನಿಲ್ಲುತ್ತದೆ. ಈಗ ಗೋಡೆಯ ಬದಲು ದ್ರವದಲ್ಲಿ ತೇಲುವ ಕಣಗಳು ಇದ್ದರೆ? ನೀರಿನ ಅಣುಗಳು ಅವನ್ನು ಎಡೆಬಿಡದೆ ಗುದ್ದುತ್ತಿರುತ್ತವೆ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಬೆರಗಾದ ಅದೇ ಕುಣಿತ. ಕಣ ಕುಣಿದರೆ ಚಿತ್ತಾರವೂ ಕುಣಿಯುತ್ತದೆ. ಈ ಕೆಲಸ ಮಾಡುವವರು ಚುಕ್ಕೆಗಳು ಕುದಿಯುತ್ತಿವೆ ಎನ್ನುತ್ತಾರೆ. ನೋಡಿದರೆ ನಿಜಕ್ಕೂ ಹಾಗೇ ಕಾಣುತ್ತದೆ.

ಇಲ್ಲಿಂದ ಮುಂದಿನ ಯೋಚನೆ ನನಗೆ ಬಹಳ ಇಷ್ಟ. ಚಿಕ್ಕ ಕಣ ಬೇಗ ಬೇಗ ಕುಣಿಯುತ್ತದೆ, ದೊಡ್ಡದು ನಿಧಾನ. ಎಷ್ಟು ಬೇಗ ಎಂಬುದಕ್ಕೆ ಐನ್‌ಸ್ಟೀನ್ 1905ರಲ್ಲೇ ಸೂತ್ರ ಕೊಟ್ಟಿದ್ದಾರೆ. ಹಾಗಾದರೆ ಕಣವನ್ನು ನೋಡುವ ಗೋಜಿಗೇ ಹೋಗಬೇಡ, ಚುಕ್ಕೆ ಎಷ್ಟು ಬೇಗ ಮಿಣುಕುತ್ತದೆ ಎಂದಷ್ಟೇ ಅಳೆ. 100 ನ್ಯಾನೊಮೀಟರ್ ಕಣಗಳಿರುವ ನೀರಿಗೆ ಕೆಂಪು ಲೇಸರ್ ಬಿಟ್ಟು, ಲಂಬ ಕೋನದಲ್ಲಿ ನಿಂತು ಅಳೆದರೆ, ಚಿತ್ತಾರ ತನ್ನ ಹಳೆಯ ರೂಪವನ್ನು ಮರೆಯಲು ಸುಮಾರು ಅರ್ಧ ಮಿಲಿಸೆಕೆಂಡ್ ಸಾಕು. 10 ನ್ಯಾನೊಮೀಟರ್ ಕಣವಾದರೆ ಅದರ ಹತ್ತರಲ್ಲಿ ಒಂದು ಭಾಗ. ಕಣ್ಣಿಗೆ ಕಾಣದ್ದನ್ನು ಅದರ ಚಡಪಡಿಕೆಯಿಂದ ಅಳೆಯುವ ಈ ವಿಧಾನಕ್ಕೆ ಡೈನಮಿಕ್ ಲೈಟ್ ಸ್ಕ್ಯಾಟರಿಂಗ್ ಎಂದು ಹೆಸರು. ಲ್ಯಾಬ್‌ಗಳಲ್ಲಿ ಬರೀ ಡಿಎಲ್‌ಎಸ್.

ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳು ನಿಂತದ್ದು 100 ನ್ಯಾನೊಮೀಟರ್ ಆಸುಪಾಸಿನ ಕೊಬ್ಬಿನ ಉಂಡೆಗಳ ಮೇಲೆ. ಆ ಉಂಡೆಗಳ ಗಾತ್ರ ಸರಿ ಇದೆಯೇ, ಒಂದಕ್ಕೊಂದು ಅಂಟಿಕೊಂಡಿವೆಯೇ ಎಂದು ನೋಡಲು ಮುಖ್ಯವಾಗಿ ಬಳಸುವುದು ಡಿಎಲ್‌ಎಸ್ ಅನ್ನೇ. ಇಂಥ ಔಷಧಗಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಈ ಅಳತೆ ಎಷ್ಟು ನಂಬಲು ಯೋಗ್ಯ ಎಂಬುದು ಸಣ್ಣ ಪ್ರಶ್ನೆಯಲ್ಲ.

ಇಲ್ಲಿ ಆರನೇ ಘಾತ ಮತ್ತೆ ಅಡ್ಡ ಬರುತ್ತದೆ. 10 ನ್ಯಾನೊಮೀಟರ್‌ನ 10 ಲಕ್ಷ ಕಣಗಳ ನಡುವೆ 100 ನ್ಯಾನೊಮೀಟರ್‌ನ ಒಂದೇ ಒಂದು ಕಣ ಇದೆ ಎಂದುಕೊಳ್ಳಿ. ಉಪಕರಣಕ್ಕೆ ಬರುವ ಬೆಳಕಿನಲ್ಲಿ ಸರಿ ಅರ್ಧ ಆ ಒಂದೇ ಕಣದ್ದು! ತುಂಬಿದ ಸಭೆಯಲ್ಲಿ ಒಬ್ಬನೇ ಮೈಕ್ ಹಿಡಿದು ಕೂತಂತೆ. ಒಂದು ಚೂರು ದೂಳು ಬಿದ್ದರೆ ಇಡೀ ಅಳತೆ ಅದರ ಕಡೆಗೆ ವಾಲುತ್ತದೆ. ಇದರ ಒಳ್ಳೆಯ ಮುಖವೂ ಇದೆ. ಲಸಿಕೆಯ ಕಣಗಳು ಅಂಟಿಕೊಳ್ಳಲು ಶುರುಮಾಡಿದ ಕೂಡಲೇ ಡಿಎಲ್‌ಎಸ್ ಕೂಗಿ ಹೇಳುತ್ತದೆ. ಕಾವಲು ನಾಯಿಯಾಗಿ ಅದು ಬಲು ಚುರುಕು, ಜನಗಣತಿ ಅಧಿಕಾರಿಯಾಗಿ ಅಷ್ಟಕ್ಕಷ್ಟೆ.

ಇನ್ನೂ ಕೆಲವು ಸಂಗತಿಗಳು ಸಂಶೋಧನಾ ಲೇಖನಗಳ ಕೋಷ್ಟಕಗಳಲ್ಲಿ ಕಾಣದೆ ಹೋಗುತ್ತವೆ. ಡಿಎಲ್‌ಎಸ್ ಕೊಡುವ ಗಾತ್ರ ಕಣದ ಗಾತ್ರವಲ್ಲ, ಮೈಗೆ ಅಂಟಿದ ನೀರಿನ ಪದರ, ಹೊದಿಕೆ ಎಲ್ಲ ಸೇರಿ ಅಷ್ಟೇ ವೇಗದಲ್ಲಿ ಕುಣಿಯಬಲ್ಲ ಒಂದು ಗೋಲದ ಗಾತ್ರ. ಕಡ್ಡಿಯಂತಿದ್ದರೂ ಚಪ್ಪಟೆ ಇದ್ದರೂ ಅದಕ್ಕೆ ಎಲ್ಲವೂ ಗೋಲವೇ. 80 ಮತ್ತು 120 ನ್ಯಾನೊಮೀಟರ್‌ನ ಎರಡು ಗುಂಪು ಬೆರೆತಿದ್ದರೆ ಅದು ಬೇರ್ಪಡಿಸಲಾರದು. ನಡುವಿನ ಒಂದೇ ಗುಡ್ಡ ತೋರಿಸುತ್ತದೆ. ಬೇರೆ ಬೇರೆಯಾಗಿ ಕಾಣಬೇಕಾದರೆ ಗಾತ್ರದಲ್ಲಿ ಮೂರು ಪಟ್ಟಿನಷ್ಟಾದರೂ ಅಂತರ ಬೇಕು. ಉಷ್ಣಾಂಶ ಒಂದು ಡಿಗ್ರಿ ಬದಲಾದರೆ ನೀರಿನ ಸ್ನಿಗ್ಧತೆ ಶೇ 2ರಷ್ಟು ಬದಲಾಗಿ ಉತ್ತರವೂ ಜಾರುತ್ತದೆ. ದ್ರವ ಗಟ್ಟಿಯಾಗಿದ್ದರೆ ಒಂದು ಕಣ ಚದುರಿಸಿದ ಬೆಳಕನ್ನು ಇನ್ನೊಂದು ಮತ್ತೆ ಚದುರಿಸಿ ಎಲ್ಲ ಕಲಸುಮೇಲೋಗರ. ಅದಕ್ಕೆಂದು ತೆಳು ಮಾಡಿದರೆ, ಅಂಟಿಕೊಂಡ ಕಣಗಳು ಬಿಟ್ಟುಕೊಂಡು ಅಳೆಯಬೇಕಾದ ದ್ರವವೇ ಬೇರೆಯಾಗಿರಬಹುದು. ಈ ವಿಧಾನಕ್ಕೆ ಅಂತರರಾಷ್ಟ್ರೀಯ ಮಾನದಂಡವೇನೋ ಇದೆ, ಐಎಸ್‌ಒ 22412. ಮಾನದಂಡ ಇದ್ದ ಮಾತ್ರಕ್ಕೆ ದೂಳು ಸುಮ್ಮನಿರುತ್ತದೆಯೇ?

ಒಟ್ಟು ಬೆಳಕನ್ನು ನಂಬುವ ಬದಲು ಒಂದೊಂದೇ ಕಣವನ್ನು ಹಿಂಬಾಲಿಸುವ ದಾರಿಯೂ ಇದೆ. ಕತ್ತಲ ಹಿನ್ನೆಲೆಯಲ್ಲಿ ಪಕ್ಕದಿಂದ ಲೇಸರ್ ಬಿಟ್ಟು, ಪ್ರತಿ ಕಣವನ್ನೂ ಒಂದು ಮಿಂಚುವ ಚುಕ್ಕೆಯಾಗಿ ವಿಡಿಯೊ ತೆಗೆದು, ಅದರ ಕುಣಿತದಿಂದ ಗಾತ್ರ ಹೇಳುವುದು. ಉಪಾಯ ಹಳೆಯದು. 1903ರ ಹೊತ್ತಿಗೆ ಝಿಗ್ಮೊಂಡಿ ಮತ್ತು ಝೀಡೆನ್‌ಟಾಫ್ ಎಂಬ ವಿಜ್ಞಾನಿಗಳು ಸೂರ್ಯನ ಬೆಳಕಿನಲ್ಲೇ ಇಂಥ ಸೂಕ್ಷ್ಮದರ್ಶಕ ಮಾಡಿದ್ದರು. ಝಿಗ್ಮೊಂಡಿಗೆ 1925ರ ರಸಾಯನಶಾಸ್ತ್ರ ನೊಬೆಲ್ ಬಂತು. ಈ ದಾರಿಯಲ್ಲಿ ದೂಳಿನ ದಬ್ಬಾಳಿಕೆ ಕಡಿಮೆ. ಆದರೆ ತೀರಾ ಚಿಕ್ಕ ಕಣ ಮಿಂಚುವುದೇ ಇಲ್ಲ, ಮಿಂಚದ್ದು ಎಣಿಕೆಗೆ ಬರುವುದೂ ಇಲ್ಲ. ಆರನೇ ಘಾತದಿಂದ ತಪ್ಪಿಸಿಕೊಂಡೆವು ಅಂದುಕೊಂಡರೆ ಅದು ಬೇರೆ ಬಾಗಿಲಲ್ಲಿ ಬಂದು ನಿಂತಿದೆ.

ಬೆಳಕಿನ ಚಿಮುಟ

ಇಲ್ಲಿಯವರೆಗೆ ಬೆಳಕು ಕಣದ ಸುದ್ದಿ ತರುವ ದೂತ. ಆದರೆ ದೂತನೂ ಬಾಗಿಲು ತಟ್ಟಲೇಬೇಕಲ್ಲ. ಬೆಳಕು ದಿಕ್ಕು ಬದಲಿಸಿದರೆ ಕಣಕ್ಕೆ ತಳ್ಳು ಬೀಳುತ್ತದೆ. ಒಂದು ಮಿಲಿವಾಟ್ ಲೇಸರ್, ಅಂದರೆ ಸಾಮಾನ್ಯ ಪಾಯಿಂಟರ್‌ನಷ್ಟು ಬೆಳಕು, ಪೂರ್ತಿ ಹೀರಲ್ಪಟ್ಟರೆ ಕೊಡುವ ತಳ್ಳು 3.3 ಪಿಕೊನ್ಯೂಟನ್. ಒಂದು ನ್ಯೂಟನ್‌ನ ಲಕ್ಷ ಕೋಟಿಯಲ್ಲಿ ಮೂರು ಪಾಲು, ಅಷ್ಟೇ. ನಗು ಬರುವಷ್ಟು ಕಡಿಮೆ. ಆದರೆ ಒಂದು ಮೈಕ್ರಾನ್‌ನ ಪಾಲಿಸ್ಟೈರೀನ್ ಮಣಿಗೆ ನೀರಿನೊಳಗಿನ ತೂಕ ಎಷ್ಟು ಎಂದು ಲೆಕ್ಕ ಹಾಕಿ. ಆ ತಳ್ಳು ತೂಕದ 10 ಸಾವಿರ ಪಟ್ಟಿಗಿಂತ ಜಾಸ್ತಿ! ನೂರರಲ್ಲಿ ಒಂದು ಭಾಗ ತಗುಲಿದರೂ ಮಣಿ ಓಡಬೇಕು.

ಅಮೆರಿಕದ ಬೆಲ್ ಲ್ಯಾಬ್ಸ್‌ನ ಆರ್ಥರ್ ಆಶ್ಕಿನ್ ಇದನ್ನು ಮಾಡಿ ನೋಡಿದರು. 1970ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಮಣಿಗಳು ಹಸಿರು ಲೇಸರ್ ಜೊತೆ ಓಡಿದವು. ಅದು ನಿರೀಕ್ಷೆ ಮಾಡಿದ್ದೇ. ಅಚ್ಚರಿ ಬೇರೆ ಇತ್ತು. ಕಿರಣದ ಅಂಚಿನಲ್ಲಿದ್ದ ಮಣಿಗಳು ತಾವಾಗಿ ಕಿರಣದ ನಡುವಿಗೆ ಬಂದು ಸೇರುತ್ತಿದ್ದವು. ಮಣಿ ಒಂದು ಪುಟ್ಟ ಲೆನ್ಸ್‌ನಂತೆ ಬೆಳಕನ್ನು ಬಾಗಿಸುತ್ತದೆ. ನಡುವಿನ ಕಡೆಯಿಂದ ಬರುವ ಪ್ರಖರ ಬೆಳಕು ಹೊರಕ್ಕೆ ಬಾಗಿದರೆ, ಅದರ ಪ್ರತಿಕ್ರಿಯೆಯಾಗಿ ಮಣಿ ಒಳಕ್ಕೆ ಸರಿಯುತ್ತದೆ. 1986ರಲ್ಲಿ ಆಶ್ಕಿನ್ ಮತ್ತು ಸಂಗಡಿಗರು ಒಂದೇ ಕಿರಣವನ್ನು ಬಿಗಿಯಾಗಿ ಒಟ್ಟುಗೂಡಿಸಿ 25 ನ್ಯಾನೊಮೀಟರ್‌ನಿಂದ 10 ಮೈಕ್ರಾನ್‌ವರೆಗಿನ ಕಣಗಳನ್ನು ನೀರಿನಲ್ಲಿ ಹಿಡಿದು ನಿಲ್ಲಿಸಿದರು. ಬೆಳಕಿನ ಚಿಮುಟ ಹುಟ್ಟಿತು. ಇದಕ್ಕೆ 2018ರ ಭೌತಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಸಿಕ್ಕಾಗ ಆಶ್ಕಿನ್ ಅವರಿಗೆ 96 ವರ್ಷ.

ಇಲ್ಲೂ ಗಾತ್ರದ ಆಟ. ಕಣ ಚಿಕ್ಕದಾದಂತೆ ಮುಂದಕ್ಕೆ ತಳ್ಳುವ ಬಲ ಆರನೇ ಘಾತದಲ್ಲಿ ಕುಸಿಯುತ್ತದೆ, ನಡುವಿಗೆ ಎಳೆಯುವ ಬಲ ಮೂರನೇ ಘಾತದಲ್ಲಿ ಮಾತ್ರ. ಒಳ್ಳೆಯದೇ ಆಯಿತು, ತಳ್ಳು ಬೇಗ ಸೋತರೆ ಹಿಡಿತ ಗೆಲ್ಲುತ್ತದೆ. ಆದರೆ ನೀರಿನ ಅಣುಗಳ ಗುದ್ದಾಟದ ಶಕ್ತಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ವ್ಯಾಸ ಹತ್ತರಲ್ಲಿ ಒಂದಾದರೆ ಅದೇ ಹಿಡಿತಕ್ಕೆ 1000 ಪಟ್ಟು ಲೇಸರ್ ಶಕ್ತಿ ಬೇಕು. ಅಷ್ಟು ಬೆಳಕು ಸುರಿದರೆ ನೀರು, ಕಣ ಎರಡೂ ಬಿಸಿಯಾಗುತ್ತವೆ.

ಬಿಸಿಯ ಪಾಠ ಆಶ್ಕಿನ್‌ಗೆ ಬೇಗ ಸಿಕ್ಕಿತು. ತಂಬಾಕಿನ ವೈರಸ್ ಇದ್ದ ದ್ರವವನ್ನು ಪರೀಕ್ಷಿಸುವಾಗ ತಾವಾಗಿಯೇ ಅತ್ತಿತ್ತ ಈಜುವ ಕಣಗಳು ಬಲೆಗೆ ಬಿದ್ದವು. ನೋಡಿದರೆ ದ್ರವದಲ್ಲಿ ಬೆಳೆದ ಬ್ಯಾಕ್ಟೀರಿಯಾ. ಹಸಿರು ಬೆಳಕು ಜಾಸ್ತಿ ಮಾಡಿದರೆ ಅವು ಸಾಯುತ್ತಿದ್ದವು. ಅವರು 1064 ನ್ಯಾನೊಮೀಟರ್‌ನ ಅವಗೆಂಪು ಲೇಸರ್‌ಗೆ ಬದಲಾಯಿಸಿಕೊಂಡರು. ಅದನ್ನು ಜೀವಕೋಶ ಅಷ್ಟಾಗಿ ಹೀರುವುದಿಲ್ಲ. ಬ್ಯಾಕ್ಟೀರಿಯಾ ಚಿಮುಟದೊಳಗೇ ಇದ್ದು ಎರಡಾಗಿ ಒಡೆದು ಮರಿ ಮಾಡಿದವು. ಅಲ್ಲಿಂದ ಮುಂದೆ ಜೀವವಿಜ್ಞಾನಿಗಳು ಈ ಚಿಮುಟವನ್ನು ಬಿಡಲಿಲ್ಲ. 1993ರಲ್ಲಿ ಕೈನೆಸಿನ್ ಎಂಬ ಪ್ರೋಟೀನ್ ಜೀವಕೋಶದ ಹಳಿಗಳ ಮೇಲೆ 8 ನ್ಯಾನೊಮೀಟರ್ ಹೆಜ್ಜೆ ಇಟ್ಟು ನಡೆಯುವುದನ್ನು ಇದರಿಂದಲೇ ಅಳೆದರು.

ಬಿಸಿಯೇ ಬೇಕು ಎನ್ನುವವರೂ ಇದ್ದಾರೆ. ಚಿನ್ನದ ಕಣ ಅವರ ನೆಚ್ಚಿನದು. ಬೆಳಕು ಹೀರುವುದು ಮೂರನೇ ಘಾತ, ಚದುರಿಸುವುದು ಆರನೇ ಘಾತ ಎಂದ ಮೇಲೆ ಕಣ ಚಿಕ್ಕದಾದಂತೆ ಹೀರುವುದೇ ಮೇಲುಗೈ. 20 ನ್ಯಾನೊಮೀಟರ್ ಚಿನ್ನದ ಕಣ 520 ನ್ಯಾನೊಮೀಟರ್ ಹಸಿರು ಬೆಳಕನ್ನು ಹೀರಿ ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಸುತ್ತದೆ. ಹಸಿರು ಹೋದದ್ದರಿಂದಲೇ ದ್ರವ ಕೆಂಪು. ಕೋವಿಡ್ ಕಿಟ್‌ನ ಮೇಲೆ ಮೂಡುತ್ತಿದ್ದ ಕೆಂಪು ಗೆರೆ ಎಷ್ಟೋ ಕಿಟ್‌ಗಳಲ್ಲಿ ಇದೇ ಚಿನ್ನ. 80 ನ್ಯಾನೊಮೀಟರ್‌ಗೆ ಬಂದರೆ ಚದುರುವುದು, ಹೀರುವುದು ಹೆಚ್ಚುಕಡಿಮೆ ಸಮಬಲ. ಮೈಮೇಲೆ ಚಿನ್ನ ಹೊದ್ದ ಸಿಲಿಕಾ ಕಣಗಳನ್ನು ಗೆಡ್ಡೆಗೆ ಸೇರಿಸಿ ಅವಗೆಂಪು ಲೇಸರ್‌ನಿಂದ ಸುಡುವ ಚಿಕಿತ್ಸೆಯನ್ನು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಸಣ್ಣ ಗುಂಪಿನ ಮೇಲೆ ಪ್ರಯೋಗಿಸಿ 2019ರಲ್ಲಿ ವರದಿ ಮಾಡಿದ್ದಾರೆ. ಪ್ರಯೋಗಕ್ಕೆ ಸೇರಿದವರು 16 ಜನ. ಆಸೆ ಇಟ್ಟುಕೊಳ್ಳಬಹುದು, ಮನೆಮಾತಾಗಲು ಇನ್ನೂ ದೂರ ಇದೆ.

ಮತ್ತೆ ಬಾಟಲಿ ನೀರಿಗೆ

ಚದುರಿದ ಬೆಳಕು ಗಾತ್ರ ಹೇಳುತ್ತದೆ, ಆದರೆ ಅದು ಏನು ಎಂದು ಹೇಳುವುದಿಲ್ಲ. ನೀರಿನಲ್ಲಿರುವುದು ಪ್ಲಾಸ್ಟಿಕ್ಕೋ, ಮಣ್ಣಿನ ಚೂರೋ, ಬ್ಯಾಕ್ಟೀರಿಯಾದ ತುಣುಕೋ? ಮಿಂಚುವ ಚುಕ್ಕೆ ನೋಡಿ ಅದನ್ನು ಹೇಳಲಾಗದು. ಇಲ್ಲಿ ಸಿ.ವಿ. ರಾಮನ್ ಬರುತ್ತಾರೆ. 1921ರ ಹಡಗು ಪ್ರಯಾಣದಲ್ಲಿ ಸಮುದ್ರದ ನೀಲಿ ಬಣ್ಣ ಆಕಾಶದ ಪ್ರತಿಬಿಂಬ ಮಾತ್ರ ಅಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಕಂಡುಕೊಂಡ ಅವರು, 1928ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಚದುರಿದ ಬೆಳಕಿನಲ್ಲಿ ತೀರಾ ಸಣ್ಣ ಪಾಲು ಬಣ್ಣ ಬದಲಿಸಿ ಬರುತ್ತದೆ, ಎಷ್ಟು ಬದಲಿಸಿದೆ ಎಂಬುದು ಅಣುವಿನ ಕಂಪನದ ಗುರುತು. ಪಾಲಿಎಥಿಲೀನ್‌ಗೆ ಒಂದು ಗುರುತು, ನೈಲಾನ್‌ಗೆ ಇನ್ನೊಂದು. ತೊಂದರೆ ಏನೆಂದರೆ ಹೀಗೆ ಬದಲಾಗಿ ಬರುವುದು ಚದುರಿದ ಸುಮಾರು ಒಂದು ಕೋಟಿ ಫೋಟಾನ್‌ಗಳಲ್ಲಿ ಒಂದು.

ಈಗ ಆ ಚಪ್ಪಾಳೆ ನೆನಪಿಸಿಕೊಳ್ಳಿ. ರಾಮನ್ ಬೆಳಕಿನಲ್ಲಿ ಪ್ರತಿ ಅಣುವೂ ತನ್ನದೇ ತಾಳಕ್ಕೆ ಚಪ್ಪಾಳೆ ಹೊಡೆಯುತ್ತದೆ, ಜೊತೆಗೂಡುವುದಿಲ್ಲ. ಹಾಗಾಗಿ ಬೆಳಕು ಅಣುಗಳ ಎಣಿಕೆಗೆ ತಕ್ಕಷ್ಟೇ, ಅಂದರೆ ವ್ಯಾಸದ ಮೂರನೇ ಘಾತಕ್ಕೆ. ಕಣ ಹತ್ತರಲ್ಲಿ ಒಂದಾದರೆ ಕಳೆದುಕೊಳ್ಳುವುದು 1000 ಪಟ್ಟು, 10 ಲಕ್ಷ ಪಟ್ಟಲ್ಲ. ಶುರುವಿನಲ್ಲೇ ಬಡ, ಆದರೆ ಇಳಿಜಾರು ಅಷ್ಟು ಕಡಿದಲ್ಲ. ಕೊಲಂಬಿಯಾ ತಂಡ ಆ ಬಡತನವನ್ನೂ ದಾಟಲು ಎರಡು ಲೇಸರ್ ಬಳಸಿತು. ಎರಡರ ಆವರ್ತನದ ವ್ಯತ್ಯಾಸವನ್ನು ಅಣುವಿನ ಕಂಪನಕ್ಕೆ ಸರಿಯಾಗಿ ಹೊಂದಿಸಿದರೆ ಸಂಕೇತ ಬಹಳ ಪಟ್ಟು ಬಲವಾಗುತ್ತದೆ. 2008ರಲ್ಲಿ ಈ ಸೂಕ್ಷ್ಮದರ್ಶಕವನ್ನು ರೂಪಿಸಿದವರಲ್ಲಿ ಒಬ್ಬರಾದ ವೇಯ್ ಮಿನ್ ಈ ತಂಡದಲ್ಲೂ ಇದ್ದರು. ಹಾಗೆ ಅವರು 100 ನ್ಯಾನೊಮೀಟರ್‌ವರೆಗೆ ಇಳಿದರು. ಸಿಕ್ಕಿದ್ದರಲ್ಲಿ ಶೇ 90ರಷ್ಟು ಒಂದು ಮೈಕ್ರಾನ್‌ಗಿಂತ ಚಿಕ್ಕದು.

ಎರಡು ಮಾತು ಸುದ್ದಿಗಳಲ್ಲಿ ಬಿಟ್ಟುಹೋಯಿತು. ಒಂದು, ಕಣಗಳನ್ನು ನೀರಿನಲ್ಲಿ ತೇಲುತ್ತಿರುವಾಗ ಎಣಿಸಿದ್ದಲ್ಲ, ಶೋಧಿಸಿ ಪೊರೆಯ ಮೇಲೆ ಹಿಡಿದು ಎಣಿಸಿದ್ದು. ಇನ್ನೊಂದು, ಹುಡುಕಿದ್ದು ಏಳು ಬಗೆಯ ಪ್ಲಾಸ್ಟಿಕ್ಕನ್ನು ಮಾತ್ರ. ಕಂಡ ನ್ಯಾನೊ ಕಣಗಳಲ್ಲಿ ಆ ಏಳರ ಪಾಲು ಕೇವಲ ಶೇ 10ರಷ್ಟು. ಉಳಿದವು ಏನೆಂದು ಅವರಿಗೂ ಗೊತ್ತಾಗಲಿಲ್ಲ.

ಕಾನೂನು ಎಲ್ಲಿದೆ? ಕುಡಿಯುವ ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ ಅಳೆಯುವ ವಿಧಾನವನ್ನು ಐರೋಪ್ಯ ಒಕ್ಕೂಟ 2024ರಲ್ಲಿ ಗೊತ್ತುಮಾಡಿತು. ಅದು ಎಣಿಸುವುದು 20 ಮೈಕ್ರಾನ್‌ನಿಂದ ಮೇಲಿನದನ್ನು. ಕೊಲಂಬಿಯಾದವರ ಕೆಳ ಅಂಚಿಗಿಂತ ಇದು 200 ಪಟ್ಟು ದೊಡ್ಡದು. ಇದನ್ನು ಸೋಮಾರಿತನ ಎನ್ನಲಾರೆ. ಸಾವಿರಾರು ಲ್ಯಾಬ್‌ಗಳು ದಿನವೂ ಮಾಡಬಹುದಾದ ಕೆಲಸಕ್ಕೂ ಒಂದು ತಂಡ ವರ್ಷಗಟ್ಟಲೆ ತಿದ್ದಿ ತೀಡಿ ಮಾಡುವ ಪ್ರಯೋಗಕ್ಕೂ ಇರುವ ಅಂತರ ಅದು.

ಒಂದು ಪುಟ್ಟ ಲೆಕ್ಕ ಹಾಕೋಣ. 2.4 ಲಕ್ಷ ಕಣಗಳೂ ಸರಿಯಾಗಿ 100 ನ್ಯಾನೊಮೀಟರ್ ಎಂದುಕೊಂಡರೆ (ನಿಜದಲ್ಲಿ ದೊಡ್ಡವೂ ಇರುತ್ತವೆ), ಎಲ್ಲ ಸೇರಿದ ತೂಕ 20 ಮೈಕ್ರಾನ್‌ನ ಒಂದೇ ಒಂದು ಕಣದ ತೂಕದ ಶೇ 3ರಷ್ಟು. ಅಂದರೆ ಯುರೋಪಿನ ವಿಧಾನದಲ್ಲಿ ಎಣಿಕೆಗೆ ಬರುವ ಅತಿ ಚಿಕ್ಕ ಕಣವೊಂದೇ ಇವೆಲ್ಲವನ್ನೂ ತೂಕದಲ್ಲಿ ಮೀರಿಸುತ್ತದೆ. ಹಾಗಾದರೆ ಗಾಬರಿ ಬೇಡವೇ? ಅದೇ ಕಣಗಳ ಮೇಲ್ಮೈ ಕೂಡಿಸಿ ನೋಡಿ, ಆ ಒಂದು ಕಣದ 6 ಪಟ್ಟು ಬರುತ್ತದೆ. ಬೇರೆ ರಾಸಾಯನಿಕಗಳು ಅಂಟಿಕೊಳ್ಳುವುದು ಮೇಲ್ಮೈಗೆ. ಜೀವಕೋಶದೊಳಗೆ ನುಸುಳಬಲ್ಲದ್ದೂ ಚಿಕ್ಕ ಕಣವೇ. ಎಣಿಕೆ, ತೂಕ, ಮೇಲ್ಮೈ ಮೂರೂ ಬೇರೆ ಬೇರೆ ಕಥೆ ಹೇಳುತ್ತವೆ. ತಲೆಬರಹಕ್ಕೆ ಬರುವುದು ಯಾವಾಗಲೂ ಎಣಿಕೆ, ಯಾಕೆಂದರೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು.

ಶೋಧಿಸದೆ, ತೇಲುತ್ತಿರುವ ಹಾಗೆಯೇ ನೋಡುವ ದಾರಿಯೂ ಇದೆ. ಒಂದು ಲೇಸರ್‌ನಿಂದ ಕಣವನ್ನು ನೀರಿನಲ್ಲೇ ಚಿಮುಟದಂತೆ ಹಿಡಿದು, ಅದೇ ಕಿರಣದಿಂದ ಅದರ ರಾಮನ್ ಗುರುತು ಓದುವುದು. ಸಮುದ್ರದ ನೀರಿನಲ್ಲಿ 50 ನ್ಯಾನೊಮೀಟರ್‌ವರೆಗಿನ ಪ್ಲಾಸ್ಟಿಕ್ ಕಣಗಳನ್ನು ಹೀಗೆ ಗುರುತಿಸಬಹುದು ಎಂದು 2019ರಲ್ಲಿ ಒಂದು ತಂಡ ತೋರಿಸಿದೆ. ಹಿಡಿ, ಓದು, ಬಿಡು, ಮುಂದಿನದು. ಒಂದೊಂದಕ್ಕೆ 10 ಸೆಕೆಂಡ್ ಎಂದು ಇಟ್ಟುಕೊಂಡರೂ, ಆ 2.4 ಲಕ್ಷ ಕಣಗಳ ಒಂದು ಲೀಟರ್ ನೀರನ್ನು ಮುಗಿಸಲು ಹಗಲೂ ರಾತ್ರಿ ಸೇರಿ 28 ದಿನ ಬೇಕು.